ದವಡೆಯಿಂದ ತೆಗೆದ ಗುಳ್ಳೆ ಲ್ಯಾಬಿಗೆ ಹೋಯಿತಾ, ಕೇಳಿ

ನನ್ನ ಎಡ ದವಡೆಯಿಂದ ಕೆರೆದು ತೆಗೆದ ಗುಳ್ಳೆ 2019ರಲ್ಲಿ ಕ್ಲಿನಿಕ್ಕಿನ ಕಸದ ಹಳದಿ ಚೀಲಕ್ಕೆ ಹೋಯಿತು. ಹೋಗಬೇಕಾಗಿದ್ದು ಲ್ಯಾಬಿಗೆ. ಅದನ್ನು ನಾನು ಕಣ್ಣಾರೆ ನೋಡುತ್ತ ಸುಮ್ನೆ ಕೂತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ವಿಜಯಪುರದಲ್ಲಿ ಒಣದ್ರಾಕ್ಷಿ ಅಂಗಡಿಯೊಂದರ ಲೆಕ್ಕ ಬರೆಯುವವನು. ಮಾಲು ಬಂದಾಗ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡುವುದು ರೂಢಿ. ಹಾಗೆ ಜಗಿಯುವಾಗ ಒಂದು ದಿನ ಕಡೆಯ ಹಲ್ಲಿನ ಹಿಂದೆ ಉಪ್ಪುಪ್ಪಾಗಿ ಏನೋ ಒಸರಿತು. ನೋವಿಲ್ಲ, ಕೆನ್ನೆ ಊದಿಲ್ಲ. ನೋವೇ ಇಲ್ಲದ್ದಕ್ಕೆ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ? ಲವಂಗದ ಎಣ್ಣೆ, ಉಪ್ಪುನೀರು ಅಂತ ಐದಾರು ತಿಂಗಳು ತಳ್ಳಿದೆ.

ಕೊನೆಗೆ ಊರಲ್ಲೇ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋದೆ. ಬೆರಳುಗುರಿನಷ್ಟು ಎಕ್ಸ್-ರೇ ತೆಗೆದು, ಬೇರು ಕೊಳೆತಿದೆ ಅಂದರು. ರೂಟ್ ಕೆನಾಲ್ ಆಯಿತು. ಒಸರುವುದು ನಿಲ್ಲಲಿಲ್ಲ. ಪಕ್ಕದ ಹಲ್ಲಿಗೂ ರೂಟ್ ಕೆನಾಲ್ ಆಯಿತು. ಆ ಎರಡೂ ಹಲ್ಲು ಜೀವಂತ ಇದ್ದವೋ ಸತ್ತಿದ್ದವೋ ಯಾರೂ ನೋಡಿರಲಿಲ್ಲ. ನೋಡಲು ಕಷ್ಟವೇನಿಲ್ಲ, ತಣ್ಣಗಿನದ್ದೇನಾದರೂ ಹಲ್ಲಿಗೆ ತಾಗಿಸಿ ಜುಮ್ ಅನ್ನುತ್ತಾ ಅಂತ ಕೇಳಿದರೆ ಒಂದು ಅಂದಾಜು ಸಿಗುತ್ತದೆ. ಸತ್ತ ಹಲ್ಲಿನ ಬೇರಿಗೆ ಅಂಟಿಕೊಂಡು ಬರುವ ಗುಳ್ಳೆ ಬೇರೆ. ಹಲ್ಲು ಜೀವಂತ ಇದ್ದೂ ಎಲುಬಿನೊಳಗೆ ಗುಳ್ಳೆ ಇದೆ ಅಂದರೆ ಅದರ ಕಥೆಯೇ ಬೇರೆ.

ಮೂರನೇ ಸಲ ಹೋದಾಗ ಓಪಿಜಿ ತೆಗೆಸಿದರು. ಗದ್ದ ಊರಿ ನಿಂತರೆ ಯಂತ್ರ ತಲೆಯ ಸುತ್ತ ಒಂದು ಸುತ್ತು ಹಾಕುತ್ತದಲ್ಲ, ಅದು. ಆ ಫಿಲ್ಮಿನಲ್ಲಿ ಬುದ್ಧಿಹಲ್ಲಿನಿಂದ ಕಿವಿಯ ಕಡೆಗೆ ಉದ್ದಕ್ಕೆ ಕಪ್ಪು. ಎಲುಬು ಒಳಗೊಳಗೇ ಟೊಳ್ಳಾಗಿತ್ತು. ಮೊದಲಿನ ಸಣ್ಣ ಎಕ್ಸ್-ರೇಯಲ್ಲಿ ಅದರ ಒಂದು ಮೂಲೆ ಮಾತ್ರ ಬಿದ್ದಿತ್ತು.

"ಏನೂ ಹೆದರಬ್ಯಾಡ್ರಿ, ನೀರಿನ ಗುಳ್ಳಿ ಐತಿ. ತಗದ್ರ ಮುಗೀತು," ಅಂದರು. ಬುದ್ಧಿಹಲ್ಲು ಕಿತ್ತು, ಗುಳ್ಳೆ ಕೆರೆದು ತೆಗೆದರು. ಸ್ಟೀಲ್ ಟ್ರೇಯಲ್ಲಿ, ರಕ್ತ ಹತ್ತಿದ ಹತ್ತಿಬಟ್ಟೆಯ ಮೇಲೆ ಅದನ್ನು ತೋರಿಸಿದರು. ತೆಳ್ಳಗಿನ ಸಿಪ್ಪೆ, ಹರಿದು ಮೂರ್ನಾಲ್ಕು ಚೂರಾಗಿತ್ತು. ಜೊತೆಗೆ ಕೆನೆಮೊಸರಿನಂಥ ಬಿಳಿ ಬಿಳಿ ಏನೋ. ನೀರಿನ ಗುಳ್ಳೆಯಲ್ಲಿ ನೀರಲ್ವಾ ಇರಬೇಕು? ನನಗೆ ಆಗ ಹೊಳೆಯಲಿಲ್ಲ. "ಟೆಸ್ಟಿಗೆ ಕಳಸೂದಂದ್ರ ಮತ್ತ ರೊಕ್ಕ, ಬ್ಯಾಡ ಬಿಡ್ರಿ," ಅಂದರು. ರೊಕ್ಕ ಉಳಿಯಿತು ಅಂತ ನಾನೂ ಖುಷಿಯಾದೆ. ಸಹಾಯಕ ಹುಡುಗ ಟ್ರೇ ಎತ್ತಿ ಚೀಲಕ್ಕೆ ಬಗ್ಗಿಸಿದ.

ಮೂರು ವರ್ಷ ಕಳೆದ ಮೇಲೆ ಕಟಕ್ ರೊಟ್ಟಿ ಕಡಿಯುವಾಗ ರೂಟ್ ಕೆನಾಲ್ ಆಗಿದ್ದ ಆ ಎರಡೂ ಹಲ್ಲು ಅಲ್ಲಾಡಿದವು. ಈ ಸಲ ಬಸ್ ಹತ್ತಿ ಬೆಳಗಾವಿಗೆ ಹೋದೆ, ಒಂದು ಡೆಂಟಲ್ ಕಾಲೇಜಿನ ಆಸ್ಪತ್ರೆಗೆ. ಓರಲ್ ಸರ್ಜನ್ ಕೇಳಿದ ಮೊದಲ ಮಾತೇ, "ಹಿಂದಿನ ಬಯಾಪ್ಸಿ ರಿಪೋರ್ಟ್ ಎಲ್ಲಿ?" ನನ್ನ ಹತ್ತಿರ ಇದ್ದದ್ದು ಗುಳಿಗೆ ಚೀಟಿ ಮಾತ್ರ.

ಮೊದಲು ಸಿಟಿ ಸ್ಕ್ಯಾನ್, ಆಮೇಲೆ ಸಣ್ಣ ಚೂರು ತೆಗೆದು ಬಯಾಪ್ಸಿ ಅಂದರು. ಮನೆಯಲ್ಲಿ ಗಲಾಟೆ. "ಬ್ಯಾಡೋ ಯಪ್ಪಾ, ಗಡ್ಡಿಗೆ ಚಾಕು ಹಚ್ಚಿದ್ರ ಹಬ್ಬತೈತಂತ," ಅಂತ ಅವ್ವ ಅತ್ತಳು. ಈ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ, ಮತ್ತು ಇದು ತಪ್ಪು. ಚೂರು ತೆಗೆದು ನೋಡಿದ್ದರಿಂದಲೇ ನನ್ನ ಕಾಯಿಲೆಗೆ ಹೆಸರು ಸಿಕ್ಕಿತು: ಓಡಾಂಟೋಜೆನಿಕ್ ಕೆರಾಟೋಸಿಸ್ಟ್. ಡಾಕ್ಟರುಗಳು ಸಣ್ಣದಾಗಿ ಓಕೆಸಿ ಅನ್ನುತ್ತಾರೆ. ಹೆಸರಲ್ಲಿ ಮಾತ್ರ ಓಕೆ.

ಇದು ಕ್ಯಾನ್ಸರ್ ಅಲ್ಲ. ಆದರೆ ಮಹಾ ಹಟಮಾರಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗಡ್ಡೆಗಳ ಸಾಲಿಗೆ ಸೇರಿಸಿ, 2017ರಲ್ಲಿ ಮತ್ತೆ ಸಿಸ್ಟ್, ಅಂದರೆ ಗುಳ್ಳೆ, ಅಂತಲೇ ಕರೆಯಿತು. ಹೊರಗೆ ಊದದೆ ಎಲುಬಿನ ಉದ್ದಕ್ಕೆ ಬೆಳೆಯುವುದು ಇದರ ಗುಣ, ಹಾಗಾಗಿ ಗೊತ್ತಾಗುವಷ್ಟರಲ್ಲಿ ದೊಡ್ಡದಾಗಿರುತ್ತದೆ. ಸಿಪ್ಪೆ ತೆಳ್ಳಗೆ, ಸುಲಭಕ್ಕೆ ಹರಿಯುತ್ತದೆ. ಒಂದು ತುಣುಕು ಉಳಿದರೂ ಮತ್ತೆ ಬೆಳೆಯಬಹುದು, ಸುತ್ತ ಮರಿಗುಳ್ಳೆಗಳೂ ಇರಬಹುದು. ಬರೀ ಕೆರೆದು ಬಿಟ್ಟರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮರಳಿ ಬರುತ್ತದಂತೆ. ಆ ಒಬ್ಬ ನಾನು.

ಎಕ್ಸ್-ರೇಯಲ್ಲಿ ಇದರ ಹಾಗೇ ಕಾಣುವ ಇನ್ನೊಂದಿದೆ, ಅಮೆಲೋಬ್ಲಾಸ್ಟೋಮಾ ಅನ್ನುವ ದವಡೆಯ ಗಡ್ಡೆ. ಅದಾಗಿದ್ದರೆ ಎಷ್ಟೋ ಸಲ ಸುತ್ತಲಿನ ಒಳ್ಳೆಯ ಎಲುಬಿನ ಸಮೇತ ಕತ್ತರಿಸಬೇಕಾಗುತ್ತದೆ. ವಾರ್ಡಿನಲ್ಲಿ ನನ್ನ ಪಕ್ಕದ ಮಂಚದ ಬಾಗಲಕೋಟೆಯ ಹುಡುಗನಿಗೆ ಕಾಲಿನ ಎಲುಬು ತಂದು ದವಡೆ ಕಟ್ಟಿದ್ದರು. ಎರಡೂ ಫಿಲ್ಮ್ ಅಕ್ಕಪಕ್ಕ ಇಟ್ಟರೆ ನನ್ನಂಥವನಿಗೆ ಒಂದೇ ಕಪ್ಪು ಗುಂಡಿ. ಯಾವುದು ಏನು ಅಂತ ಗಟ್ಟಿಯಾಗಿ ಹೇಳುವುದು ಸೂಕ್ಷ್ಮದರ್ಶಕ ಮಾತ್ರ. ಹಳದಿ ಚೀಲಕ್ಕೆ ಹೋದದ್ದು ನನ್ನ ಪಾಲಿಗೆ ಯಾವುದೂ ಆಗಿರಬಹುದಿತ್ತು ಅನ್ನುವುದು ಆಗ ತಲೆಗೆ ಹೊಕ್ಕಿತು.

ಎರಡನೇ ಆಪರೇಷನ್ ಪೂರ್ತಿ ಅರಿವಳಿಕೆಯಲ್ಲಿ ಆಯಿತು. ಗುಳ್ಳೆ ತೆಗೆದು, ಸುತ್ತಲಿನ ಎಲುಬನ್ನು ತುಸು ಉಜ್ಜಿ, ಕಾರ್ನಾಯ್ ದ್ರಾವಣ ಹಚ್ಚಿದರು, ಉಳಿದ ಕಣಗಳು ಸಾಯಲಿ ಅಂತ. ಆ ಎರಡು ಹಲ್ಲೂ ಹೋದವು. ಕೆಳದವಡೆಯೊಳಗೆ ತುಟಿಗೆ ಹೋಗುವ ನರ ಇದೆ, ಎರಡನೇ ಸಲದ ಗುಳ್ಳೆ ಅದಕ್ಕೆ ಅಂಟಿಕೊಂಡಿತ್ತು. ಈಗ ಕೆಳದುಟಿಯ ಎಡಭಾಗ ಜೋಮು. ಚಹಾ ಸೋರಿದರೆ ಗೊತ್ತಾಗುವುದಿಲ್ಲ, ಹೆಂಡತಿ ಕಣ್ಸನ್ನೆ ಮಾಡುತ್ತಾಳೆ. ಗಡ್ಡ ಕೆರೆಯುವಾಗ ರಕ್ತ ಕಂಡ ಮೇಲೇ ಬ್ಲೇಡ್ ತಾಗಿದ್ದು ತಿಳಿಯುತ್ತದೆ.

ಆ ಕ್ಲಿನಿಕ್ಕಿನ ಡಾಕ್ಟರು ಕೆಟ್ಟವರಲ್ಲ, ಕೈ ಹಗುರ. ಆದರೆ ದವಡೆಯ ಎಲುಬಿನಿಂದ ತೆಗೆದದ್ದನ್ನು ಪರೀಕ್ಷೆಗೆ ಕಳಿಸದಿರುವುದು ಉಳಿತಾಯವಲ್ಲ. ನಿಮಗೆ ಯಾರಾದರೂ "ಬರೀ ಗುಳ್ಳೆ" ಅಂದರೆ ತೆಗೆದ ಚೂರು ಕೆಡದಂತೆ ಹಾಕಿ ಲ್ಯಾಬಿಗೆ ಕಳಿಸುವ ಫಾರ್ಮಲಿನ್ ಬಾಟಲಿ ಎಲ್ಲಿದೆ ಅಂತ ಅಲ್ಲೇ ಕೇಳಿ. ಇಲ್ಲ ಅಂದರೆ ಆಪರೇಷನ್ ಮುಂದೂಡಿ. ರಿಪೋರ್ಟಿನ ಜೊತೆ ಸ್ಲೈಡ್ (ಚೂರಿನ ತೆಳು ಪದರ ಅಂಟಿಸಿದ ಗಾಜು) ಮತ್ತು ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಚೂರು) ಕೇಳಿ ಇಟ್ಟುಕೊಳ್ಳಿ, ಮುಂದೆ ಬೇರೆ ಡಾಕ್ಟರು ಮತ್ತೊಮ್ಮೆ ನೋಡಬಹುದು. ಫೋನಿನ ಫೋಟೋ ನಂಬಬೇಡಿ, ನನ್ನ ಹಳೇ ಓಪಿಜಿ ಫೋನಿನ ಜೊತೆಗೇ ಹೋಯಿತು.

ಹತ್ತು ವರ್ಷ ಕಳೆದ ಮೇಲೂ ಇದು ಮರಳಿದ್ದುಂಟು ಅಂತ ಸರ್ಜನ್ ಹೇಳಿದ್ದಾರೆ. ಹಾಗಾಗಿ ಪ್ರತಿ ವರ್ಷ ಒಂದು ಓಪಿಜಿ. ದ್ರಾಕ್ಷಿ ಸೀಸನ್ ಮುಗಿಯುತ್ತಿದ್ದಂತೆ ಬೆಳಗಾವಿ ಬಸ್ಸು ಹತ್ತುತ್ತೇನೆ, ಫೈಲು ಮಡಿಲಲ್ಲಿ ಇಟ್ಟುಕೊಂಡು.