ಮಿನಿಲಾಗ್ ಬೇಕಾ, ವೋಲ್ಕಾ ಕೀಸ್ ಸಾಕಾ?

ಕಡಿಮೆ ಬಜೆಟ್‌ನಲ್ಲಿ ಪುಟ್ಟ ಅನಲಾಗ್ ಸಿಂಥ್ (ವಿದ್ಯುತ್ ಸರ್ಕ್ಯೂಟ್‌ನಿಂದಲೇ ಸದ್ದು ಹುಟ್ಟಿಸುವ ಕೀಬೋರ್ಡ್) ಬೇಕು ಅಂದರೆ ಕೋರ್ಗ್‌ನ ಮಿನಿಲಾಗ್, ವೋಲ್ಕಾ ಕೀಸ್ ಎರಡನ್ನೂ ನೋಡಿ.

ವೋಲ್ಕಾ ಕೀಸ್ ಅಗ್ಗ. ಚೀಲದಲ್ಲಿ ಹಿಡಿಯುತ್ತದೆ, ಸ್ಪೀಕರ್ ಒಳಗೇ ಇದೆ. 6 ಎಎ ಬ್ಯಾಟರಿ ಹಾಕಿದರೆ ಸಾಕು. ಮೂಡಿಗೆರೆ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೂ ನುಡಿಸಬಹುದು. ಇದೇನು ಸಣ್ಣ ವಿಷಯ ಅಲ್ಲ.

ಆದರೆ ಸದ್ದಿನಲ್ಲಿ 2016ರ ಮಿನಿಲಾಗ್ ಬಹಳ ಮುಂದೆ. ಒಟ್ಟಿಗೆ 4 ಸ್ವರ, ಪ್ರತಿ ಸ್ವರಕ್ಕೂ 2 ಆಸಿಲೇಟರ್ (ಸದ್ದು ಹುಟ್ಟಿಸುವ ಭಾಗ), ತನ್ನದೇ ಫಿಲ್ಟರ್ (ಸದ್ದನ್ನು ಸೋಸಿ ಬಣ್ಣ ಬದಲಿಸುವ ಭಾಗ). ವೋಲ್ಕಾದಲ್ಲಿ 3 ಸ್ವರಕ್ಕೂ ಸೇರಿ ಒಂದೇ ಫಿಲ್ಟರ್. ಎರಡು ಸ್ವರ ಹಿಡಿದುಕೊಂಡು ಮೂರನೆಯದನ್ನು ತಡವಾಗಿ ಒತ್ತಿ ನೋಡಿ. ಮಿನಿಲಾಗ್‌ನಲ್ಲಿ ಅದು ತಾನೇ ಬೇರೆಯಾಗಿ ಅರಳುತ್ತದೆ. ನಿಧಾನದ ಹಾಡುಗಳಿಗೆ ಈ ಗುಣ ಬೇಕೇಬೇಕು ಅಲ್ವಾ?

ಹಾಸನದ ಆರ್ಕೆಸ್ಟ್ರಾಗಳಲ್ಲಿ ನುಡಿಸುವವರಿಗೆ ಇನ್ನೊಂದು ಮಾತು. ಮಿನಿಲಾಗ್ 200 ಸದ್ದು ಉಳಿಸಿಕೊಳ್ಳುತ್ತದೆ. ವೋಲ್ಕಾದಲ್ಲಿ ಪ್ರತಿ ಹಾಡಿಗೂ ಗುಂಡಿ ತಿರುಗಿಸಬೇಕು. ವೇದಿಕೆಯ ಮೇಲೆ ಅದು ಆಗದ ಕೆಲಸ.

ಮಿನಿಲಾಗ್‌ನ 37 ಕೀಗಳು ಸಣ್ಣವು, ದಪ್ಪ ಬೆರಳಿನವರು ಮೊದಲು ಒತ್ತಿ ನೋಡಿ. ಎಫೆಕ್ಟ್ ಅಂದರೆ ಡಿಲೇ (ಸದ್ದನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವುದು) ಮಾತ್ರ. ರಿವರ್ಬ್ (ದೊಡ್ಡ ಸಭಾಂಗಣದಂಥ ಗುಂಯ್‌ಗುಡುವಿಕೆ) ಒಳಗೇ ಬೇಕಿದ್ದರೆ ಇನ್ನಷ್ಟು ದುಡ್ಡು ಕೂಡಿಸಿ ಮಿನಿಲಾಗ್ ಎಕ್ಸ್‌ಡಿ ತಗೊಳ್ಳಿ.