ಕೂಲಂಟ್ ಪ್ರೆಶರ್ ಟೆಸ್ಟರ್ ಕಿಟ್: ಕೆಲವು ಮಳೆಗಾಲ ಲಾರಿಗಳಲ್ಲಿ ಬಳಸಿದ ಮೇಲೆ

ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಕಳೆದ ಒಂದು ಸ್ಟಾರ್ ಅಡಾಪ್ಟರ್‌ಗಳ ಲೆಕ್ಕಕ್ಕೆ, ಅದನ್ನು ಕೊನೆಗೆ ಹೇಳುತ್ತೇನೆ. ಇಂಜಿನ್ ತಣಿಸುವ ಕೂಲಂಟ್ ಸೋರುತ್ತದೆಯೇ ಎಂದು ಗಾಳಿಯ ಒತ್ತಡ ಹಾಕಿ ನೋಡುವ ಸಾಮಾನು ಇದು. ಪೆಟ್ಟಿಗೆಯಲ್ಲಿ ಇರುವುದು ಒಂದು ಕೈಪಂಪು, ಗೇಜು, ರಬ್ಬರ್ ಪೈಪು, ರೇಡಿಯೇಟರ್ ಬಾಯಿಗೆ ಕೂರುವ ಒಂದಷ್ಟು ಮುಚ್ಚಳಗಳು (ಇವೇ ಅಡಾಪ್ಟರ್‌ಗಳು), ಇಷ್ಟೆ. ಇದೇ ಸಾಮಾನು ಹತ್ತು ಹೆಸರಿನಲ್ಲಿ ಮಾರಾಟಕ್ಕೆ ಉಂಟು. ಹಾಗಾಗಿ ಕಂಪನಿ ಯಾವುದು ಅನ್ನುವುದಕ್ಕಿಂತ ಇದರಿಂದ ಕೆಲಸ ತೆಗೆಯುವುದು ಹೇಗೆ ಅನ್ನುವುದನ್ನೇ ಬರೆಯುತ್ತೇನೆ.

ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಲಾರಿ, ಟಿಪ್ಪರ್ ರಿಪೇರಿ ನನ್ನ ಕೆಲಸ. ಬದಿಯಡ್ಕ, ಪೆರ್ಲ ಕಡೆಯಿಂದ ಕೆಂಪುಕಲ್ಲು ಹೇರುವ ಗಾಡಿಗಳು, ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಜಲ್ಲಿ ತರುವ ಟಿಪ್ಪರ್‌ಗಳು, ಜಾಲ್ಸೂರು ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವ ಹತ್ತು ಚಕ್ರದವು, ಎಲ್ಲ ಬರುತ್ತವೆ. ಅವರಲ್ಲಿ ಹೆಚ್ಚಿನವರ ದೂರು ಒಂದೇ: "ಅಣ್ಣ, ಕೂಲಂಟ್ ಕಮ್ಮಿ ಆಗ್ತಾ ಉಂಟು. ಕೆಳಗೆ ನೋಡಿದ್ರೆ ಒಂದು ಹನಿ ಸಹ ಇಲ್ಲ."

ಹನಿ ಕಾಣದೆ ಇರುವುದಕ್ಕೆ ನಮ್ಮ ಊರಿನಲ್ಲಿ ಇನ್ನೊಂದು ಕಾರಣವೂ ಉಂಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿಯ ಅಡಿ ಪೂರ್ತಿ ಒದ್ದೆ. ಮಳೆನೀರು ಯಾವುದು, ಇಂಜಿನ್ ನೀರು ಯಾವುದು ಎಂದು ಕಣ್ಣಲ್ಲಿ ಹೇಳುವುದು ಅಸಾಧ್ಯ. ಬೇಸಿಗೆಯಲ್ಲಿ ಮಾತ್ರ ಕೆಂಪುಕಲ್ಲಿನ ಧೂಳು ನಮಗೆ ಉಪಕಾರ ಮಾಡುತ್ತದೆ. ಕೂಲಂಟ್ ಜಿನುಗಿದ ಕಡೆ ಧೂಳು ಅಂಟಿ ಕಪ್ಪುಗೆಂಪು ಪೊರೆ ಕಟ್ಟುತ್ತದೆ. ಅದನ್ನು ಉಗುರಿನಲ್ಲಿ ಕೆರೆದರೆ ಒಳಗೆ ಗುಲಾಬಿ ಇಲ್ಲವೆ ಹಸಿರು ಬಣ್ಣದ ಪುಡಿ ಸಿಗುತ್ತದೆ.

ಹನಿ ಕಾಣಲಿಲ್ಲ ಎಂದ ಕೂಡಲೇ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಬಿಚ್ಚಬೇಕು" ಎಂದು ಹೇಳಿಬಿಡುವ ಅಭ್ಯಾಸ ನಮ್ಮ ಕಸುಬಿನಲ್ಲಿ ಬೇರೂರಿದೆ. ಹೆಡ್ ಎಂದರೆ ಇಂಜಿನ್‌ನ ಮೇಲ್ಭಾಗ, ಗ್ಯಾಸ್ಕೆಟ್ ಅದರ ಅಡಿಯಲ್ಲಿ ಸೋರದಂತೆ ಕೂರಿಸುವ ಹಾಳೆ. ದೊಡ್ಡ ಡೀಸೆಲ್ ಇಂಜಿನ್‌ನ ಹೆಡ್ ಇಳಿಸಿದರೆ ಗಾಡಿ ದಿನಗಟ್ಟಲೆ ನಿಲ್ಲುತ್ತದೆ. ಸಾಲದ ಕಂತು ನಿಲ್ಲುವುದಿಲ್ಲ. ಸಂಶಯದ ಮೇಲೆ ಹೆಡ್ ಬಿಚ್ಚುವುದನ್ನು ತಪ್ಪಿಸಿದ್ದೇ ಈ ಕಿಟ್‌ನಿಂದ ನನಗೆ ಆದ ದೊಡ್ಡ ಲಾಭ.

ಬಳಸುವ ಕ್ರಮ ಸರಿ ಇಲ್ಲದಿದ್ದರೆ ಇದು ಸುಳ್ಳು ಹೇಳುತ್ತದೆ. ಮೊದಲು ಟೆಸ್ಟರನ್ನೇ ಟೆಸ್ಟ್ ಮಾಡಬೇಕು. ಗಾಡಿಯ ಮುಚ್ಚಳ ಒಳ್ಳೆಯದು ಎಂದು ಗೊತ್ತಿದ್ದರೆ ಅದನ್ನೇ ಕಿಟ್‌ನ ಅಡಾಪ್ಟರ್‌ಗೆ ಸಿಕ್ಕಿಸಿ ಗಾಳಿ ಹೊಡೆಯಿರಿ. ಮುಚ್ಚಳ ಬಿಡುವ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಮುಳ್ಳು ಅಲ್ಲಾಡದೆ ನಿಲ್ಲಬೇಕು. ಇಳಿದರೆ ಸೋರುವುದು ಪಂಪಿನ ಜೋಡಣೆಯೇ ಇರಬಹುದು. ಎರಡನೆಯದು, ಬಿಸಿ ಇಂಜಿನ್‌ಗೆ ಇದನ್ನು ಹಾಕಿ ಊಟಕ್ಕೆ ಹೋಗಬೇಡಿ. ಇಂಜಿನ್ ತಣಿಯುತ್ತಾ ಒಳಗಿನ ಒತ್ತಡ ತಾನಾಗಿಯೇ ಬೀಳುತ್ತದೆ, ಬಂದು ನೋಡಿದವರಿಗೆ ಸೋರಿಕೆ ಎಂದೇ ಕಾಣುತ್ತದೆ. ಅಲ್ಲದೆ ಬಿಸಿ ಇದ್ದಾಗ ಮುಚ್ಚಳ ತೆಗೆದರೆ ಮುಖ ಸುಡುವುದು ಖಂಡಿತ. ನಾನು ಸಂಜೆ ಗಾಡಿ ಪೂರ್ತಿ ತಣಿದ ಮೇಲೆ, ಮುಚ್ಚಳದ ಮೇಲೆ ಬರೆದ ಒತ್ತಡದ ತನಕ ಮಾತ್ರ ಹೊಡೆದು ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಟಾರ್ಚ್ ಹಿಡಿದು ಅಡಿಗೆ ಇಳಿಯುತ್ತೇನೆ. ಹೋಸ್ ಕ್ಲಿಪ್‌ಗಳಲ್ಲಿ ಕೆಲವು ತಣ್ಣಗಿದ್ದಾಗ ಮಾತ್ರ ಸೋರುತ್ತವೆ. ಬಿಸಿಯಾದರೆ ರಬ್ಬರ್ ಉಬ್ಬಿ ಬಿಗಿಯಾಗುತ್ತದೆ. ಹಗಲು ನೋಡಿದವರಿಗೆ ಅವು ಸಿಗುವುದೇ ಇಲ್ಲ.

ಗಾಡಿಯ ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅಡುಗೆಮನೆಯ ಕುಕ್ಕರಿನಂತೆ 15 ಪಿಎಸ್‌ಐ ಒತ್ತಡ ನಿಂತರೆ ಬರೀ ನೀರು ಸಹ ಸುಮಾರು 120 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ಸ್ಪ್ರಿಂಗ್ ಸಡಿಲವಾಗಿ ಮುಚ್ಚಳ ಬೇಗ ಬಿಟ್ಟರೆ, ಘಾಟಿ ಹತ್ತುವಾಗ ಕೂಲಂಟ್ ಕುದಿದು ಓವರ್‌ಫ್ಲೋ ಪೈಪಿನಿಂದ ದಾರಿಯಲ್ಲೇ ಹೋಗುತ್ತದೆ. ಶೆಡ್ಡಿಗೆ ಬಂದಾಗ ಎಲ್ಲ ಒಣಗಿರುತ್ತದೆ. ಕಿಟ್ ತಂದ ಮೇಲೆ ಬರೀ ಮುಚ್ಚಳ ಬದಲಿಸಿ ಕಳಿಸಿದ ಗಾಡಿಗಳು ಎಷ್ಟೋ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ರೇಡಿಯೇಟರ್‌ನ ಮೂಲೆ, ಇವೂ ರಾತ್ರಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ.

ನನಗೆ ಈ ಕಿಟ್ ಮೇಲೆ ಪೂರ್ತಿ ನಂಬಿಕೆ ಬಂದದ್ದು ಕುಂಬಳೆ ಕಡೆಯ ಒಂದು ಹತ್ತು ಚಕ್ರದ ಗಾಡಿಯಲ್ಲಿ. ಬೇರೆ ಕಡೆ ಹೆಡ್ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿ ಕೊಟ್ಟಿದ್ದರು. ಆದರೂ ಕೂಲಂಟ್ ಟ್ಯಾಂಕಿನಿಂದ ಉಕ್ಕಿ ಹೋಗುತ್ತಿತ್ತು, ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತಿತ್ತು. ಮಾಲಕರು ಮತ್ತೊಮ್ಮೆ ಹೆಡ್ ಇಳಿಸಲು ತಯಾರಾಗಿಯೇ ಬಂದಿದ್ದರು. ರಾತ್ರಿ ಒತ್ತಡ ಹಾಕಿಟ್ಟರೆ ಮುಳ್ಳು ತುಸುವೇ ಇಳಿಯಿತು, ಹೊರಗೆ ಎಲ್ಲೂ ಒದ್ದೆ ಇಲ್ಲ. ಹೊಗೆ ಪರೀಕ್ಷೆಯ ನೀಲಿ ದ್ರವ ಬೇರೆ ತಂದಿಟ್ಟಿದ್ದೆ. ಟ್ಯಾಂಕಿನ ಬಾಯಲ್ಲಿ ಹಿಡಿದರೆ ಇಂಜಿನ್‌ನ ಹೊಗೆ ಕೂಲಂಟಿಗೆ ಸೇರುತ್ತಿದ್ದಲ್ಲಿ ಆ ನೀಲಿ ಹಸಿರು ಹಳದಿಗೆ ತಿರುಗುತ್ತದೆ. ಡೀಸೆಲ್ ಇಂಜಿನ್ ಐಡಲ್‌ನಲ್ಲಿ ಓಡುವಾಗ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಬಹಳ ಕಡಿಮೆ, ಅದಕ್ಕೆ ಲೋಡ್ ಹಾಕಿ ಓಡಿಸಿ ಬಂದ ಮೇಲೆ ನೋಡಿದೆ. ನೀಲಿ ನೀಲಿಯಾಗಿಯೇ ಉಳಿಯಿತು. ಆದರೆ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಲೇ ಇದ್ದವು.

ಹೊಗೆಯಲ್ಲ, ಬರೀ ಗಾಳಿ. ಲಾರಿಯಲ್ಲಿ ಒತ್ತಡದ ಗಾಳಿ ಹುಟ್ಟುವುದು ಬ್ರೇಕಿನ ಕಂಪ್ರೆಸರ್‌ನಲ್ಲಿ, ಅದರ ಹೆಡ್ ತಣಿಯುವುದು ಇದೇ ಕೂಲಂಟಿನಲ್ಲಿ. ಡ್ರೈವರ್‌ನನ್ನು ಕ್ಯಾಬಿನ್‌ನಲ್ಲಿ ಕೂರಿಸಿ ಇಂಜಿನ್ ಓಡಿಸಿದೆ. ಏರ್ ಟ್ಯಾಂಕ್ ತುಂಬಿ ವಾಲ್ವ್ ಪುಸ್ ಎಂದು ಬಿಟ್ಟ ಸ್ವಲ್ಪ ಹೊತ್ತಿಗೆ ಗುಳ್ಳೆ ನಿಂತವು. "ಇನ್ನು ಬ್ರೇಕ್ ತುಳಿಯುತ್ತಾ ಇರಿ" ಎಂದೆ. ಗಾಳಿ ಇಳಿದು ಕಂಪ್ರೆಸರ್ ಮತ್ತೆ ತುಂಬಲು ಶುರುಮಾಡಿದ್ದೇ ತಡ, ಗುಳ್ಳೆ ಪುನಃ ಎದ್ದವು. ಏರ್ ಟ್ಯಾಂಕಿನ ಡ್ರೈನ್ ಎಳೆದು ಅಂಗೈ ಹಿಡಿದರೆ ಬಂದ ನೀರಿಗೆ ತೆಳು ಗುಲಾಬಿ ಬಣ್ಣ, ಬೆರಳಿಗೆ ಜಾರುವ ಪಸೆ. ಮಳೆಗಾಲದಲ್ಲಿ ಏರ್ ಟ್ಯಾಂಕಿನಲ್ಲಿ ನೀರು ಬರುವುದು ಹೊಸದಲ್ಲ, ಹಾಗಾಗಿ ಬಣ್ಣ ನೋಡಲೇಬೇಕು. ಕಂಪ್ರೆಸರ್‌ಗೆ ಹೋಗುವ ಎರಡು ಕೂಲಂಟ್ ಪೈಪ್ ಕಳಚಿ, ಇಂಜಿನ್ ಕಡೆಯ ತುದಿಗಳನ್ನು ಒಂದಕ್ಕೊಂದು ಜೋಡಿಸಿ ಸ್ವಲ್ಪವೇ ಹೊತ್ತು ಓಡಿಸಿದೆ. ಕೂಲಂಟ್ ಟ್ಯಾಂಕ್ ಶಾಂತ. ಕಂಪ್ರೆಸರ್ ಹೆಡ್ಡಿನ ಗ್ಯಾಸ್ಕೆಟ್ ಬದಲಿಸಿದ ಮೇಲೆ ಆ ಗಾಡಿ ಕೂಲಂಟ್ ಕುಡಿಯಲಿಲ್ಲ. ಇಂಜಿನ್ ಹೆಡ್ಡಿಗೆ ಸ್ಪಾನರ್ ಹಾಕುವ ಮೊದಲು ಇಷ್ಟು ನೋಡುವುದಕ್ಕೆ ಅರ್ಧ ದಿನ ಸಾಕು. ಇದನ್ನು ನೋಡದೆ ಗಾಡಿಯವರ ಹಣ ಖರ್ಚು ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ.

ಕಿಟ್ ಒಂದೇ ಎಲ್ಲ ಹೇಳುವುದಿಲ್ಲ ಎಂಬುದೂ ಇದರಿಂದ ಗೊತ್ತಾಗುತ್ತದೆ. ಮುಳ್ಳು ಇಳಿದರೆ ಸೋರಿಕೆ ಉಂಟು ಎಂದು ತಿಳಿಯುತ್ತದೆ, ಎಲ್ಲಿ ಎಂದು ನಾವೇ ಹುಡುಕಬೇಕು. ಮುಳ್ಳು ನಿಂತರೆ ತಣ್ಣಗಿದ್ದಾಗ ಸೋರುವುದಿಲ್ಲ ಎಂದಷ್ಟೇ ಅರ್ಥ. ಇಂಜಿನ್‌ಗೆ ಮರಳಿ ಹೋಗುವ ಹೊಗೆಯನ್ನು ಕೂಲಂಟಿನಲ್ಲಿ ತಣಿಸುವ ಇಜಿಆರ್ ಕೂಲರ್‌ನ ಬಿರುಕು ಬಿಸಿಗೆ ಮಾತ್ರ ಬಾಯಿ ಬಿಡುವುದುಂಟು. ಆಗ ಕೂಲಂಟ್ ಆವಿಯಾಗಿ ಸೈಲೆನ್ಸರ್‌ನಲ್ಲಿ ಹೋಗುತ್ತದೆ, ಆಯಿಲ್‌ನಲ್ಲಿ ಕುರುಹು ಇರುವುದಿಲ್ಲ. ಅಂಥ ಸಂಶಯ ಬಂದರೆ ಕೂಲರ್ ಇಳಿಸಿ, ಬಿಸಿನೀರಿನಲ್ಲಿ ಮುಳುಗಿಸಿ ಗಾಳಿ ಕೊಟ್ಟು ನೋಡುವುದೇ ದಾರಿ. ವೆಟ್ ಲೈನರ್ ಎಂದರೆ ಪಿಸ್ಟನ್ ಓಡುವ, ಹೊರಮೈಗೆ ಕೂಲಂಟ್ ತಾಗುವ ಕೊಳವೆ. ಅದರ ಓ-ರಿಂಗ್ (ರಬ್ಬರ್ ಬಳೆ) ಹೋಗಿದ್ದರೆ ಕೂಲಂಟ್ ಇಂಜಿನ್ ಅಡಿಯ ಆಯಿಲ್ ತೊಟ್ಟಿಗೆ, ಅಂದರೆ ಸಂಪಿಗೆ ಇಳಿಯುತ್ತದೆ. ರಾತ್ರಿ ಒತ್ತಡದಲ್ಲಿಟ್ಟ ಗಾಡಿಯ ಡ್ರೈನ್ ಬೋಲ್ಟ್ ಬೆಳಿಗ್ಗೆ ಮೆಲ್ಲ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ಇದ್ದರೆ ಮೊದಲು ಅದೇ ಬರುತ್ತದೆ. ಮತ್ತೆ ಸಂಪ್ ಇಳಿಸಿ ಒತ್ತಡ ಕೊಟ್ಟರೆ ಯಾವ ಲೈನರ್ ಎಂದು ಕಣ್ಣಿಗೇ ಕಾಣುತ್ತದೆ.

ಇಷ್ಟು ಬರೆದ ಮೇಲೆ ಒಂದು ಮಾತು ಗಾಡಿಯವರಿಗೆ. ಕಮ್ಮಿ ಆದಾಗೆಲ್ಲ ಸಿಕ್ಕಿದ ಬಾವಿನೀರು ಹೊಯ್ಯಬೇಡಿ. ಕಡಲ ಬದಿಯ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ಕೂಲಂಟ್ ತೆಳುವಾದಷ್ಟು ಲೈನರ್‌ನ ಹೊರಮೈಯಲ್ಲಿ ಗುಳ್ಳೆ ಒಡೆದು ಸೂಜಿಮೊನೆಯಷ್ಟು ತೂತು ಕೊರೆಯುತ್ತವೆ. ಸೋರಿಕೆ ಎಲ್ಲಿಂದಲೋ ಶುರುವಾಗಿ ಇಂಜಿನ್ ಒಳಗೇ ಮುಗಿಯುತ್ತದೆ.

ಈಗ ಆ ಒಂದು ಸ್ಟಾರ್. ಕಿಟ್‌ನ ಮುಚ್ಚಳಗಳು ಹೆಚ್ಚಿನವು ಕಾರಿಗೆ ಮಾಡಿದವು. ಲಾರಿಯ ದೊಡ್ಡ ಟ್ಯಾಂಕ್ ಬಾಯಿಗೆ ಕೂರುವುದು ಬೆರಳೆಣಿಕೆಯಷ್ಟು. ಒಂದು ಅಳತೆಯದನ್ನು ಮಂಗಳೂರಿನಲ್ಲಿ ಲೇತ್‌ನಲ್ಲಿ ಮಾಡಿಸಿಕೊಂಡೆ. ಗೇಜು 35 ಪಿಎಸ್‌ಐ ತನಕ ಉಂಟು, ನಮಗೆ ಬೇಕಾದದ್ದು 15ರ ಒಳಗೆ. ಸಣ್ಣ ಇಳಿತ ಓದಲು ಕಷ್ಟ, ನಾನು ಮುಳ್ಳಿನ ಜಾಗಕ್ಕೆ ಗಾಜಿನ ಮೇಲೆ ಪೆನ್ನಿನ ಗೆರೆ ಹಾಕುತ್ತೇನೆ. ರಬ್ಬರ್ ವಾಷರ್‌ಗಳು ಒಂದೆರಡು ವರ್ಷಕ್ಕೆ ಗಟ್ಟಿಯಾದವು, ಅದೇ ಅಳತೆಯವು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಪಂಪು ಇವತ್ತಿಗೂ ಚೊಕ್ಕ ಕೆಲಸ ಮಾಡುತ್ತದೆ. ಕೊಳ್ಳುವವರು ತಮ್ಮ ಗಾಡಿಯ ಮುಚ್ಚಳದ ಒಳ ಅಳತೆ ತೆಗೆದು, ಆ ಅಡಾಪ್ಟರ್ ಪೆಟ್ಟಿಗೆಯಲ್ಲಿ ಇದೆಯೇ ಎಂದು ಕೇಳಿಯೇ ಆರ್ಡರ್ ಮಾಡಿ. ಜೊತೆಗೆ ನೀಲಿ ದ್ರವದ ಕಿಟ್ ಸಹ ತರಿಸಿಕೊಳ್ಳಿ.