ಚರ್ಚೆಯ ಗಡಿಯಾರ: ಉತ್ತರಕ್ಕೆ ಇಷ್ಟೋ, ಒಟ್ಟಾರೆ ಇಷ್ಟೋ?

ಅಭ್ಯರ್ಥಿಗಳ ಟಿವಿ ಚರ್ಚೆ ಏರ್ಪಡಿಸುವವರ ಮುಂದೆ, ಮಾತಿನ ಸಮಯ ಹಂಚಲು ಮುಖ್ಯವಾಗಿ ಎರಡು ದಾರಿಗಳಿವೆ.

ಅಮೆರಿಕದ್ದು ಉತ್ತರಕ್ಕೆ ಇಂತಿಷ್ಟು ಎಂಬ ಲೆಕ್ಕ. 2020ರ ಅಕ್ಟೋಬರ್‌ನಲ್ಲಿ ಟ್ರಂಪ್ ಮತ್ತು ಬೈಡನ್ ನಡುವಿನ ಕೊನೆಯ ಚರ್ಚೆಯಲ್ಲಿ, ಪ್ರತಿ ವಿಷಯದ ಆರಂಭದಲ್ಲಿ ಒಬ್ಬರು 2 ನಿಮಿಷ ಮಾತನಾಡುವಾಗ ಇನ್ನೊಬ್ಬರ ಮೈಕ್ ಬಂದ್. ಅದಕ್ಕೂ ಮುಂಚಿನ ಚರ್ಚೆಯ ಕೂಗಾಟ ನೋಡಿದವರಿಗೆ ಕಾರಣ ವಿವರಿಸಬೇಕಿಲ್ಲ. ಆದರೆ ಪ್ರಶ್ನೆಗಳು ಯಾರ ಕಡೆಗೆ ಹೆಚ್ಚು ಹೋಗುತ್ತವೆ ಎಂಬುದನ್ನು ಈ ಗಡಿಯಾರ ನೋಡುವುದಿಲ್ಲ. ವೇದಿಕೆಯಲ್ಲಿ ಹತ್ತು ಮಂದಿಯಿದ್ದರೆ, ಹೆಸರೆತ್ತಿ ಟೀಕಿಸಿದ್ದಕ್ಕೆ ಪ್ರತ್ಯುತ್ತರದ ಅವಕಾಶವೂ ಸಿಕ್ಕಿ ಮುಂಚೂಣಿಯವರೇ ಇನ್ನಷ್ಟು ಮಾತನಾಡುತ್ತಾರೆ. ಅಂಚಿನಲ್ಲಿ ನಿಂತವರು ಕೈ ಎತ್ತುತ್ತಲೇ ಇರುತ್ತಾರೆ.

ಫ್ರಾನ್ಸ್‌ನದು ಒಟ್ಟು ಲೆಕ್ಕ: ಇಡೀ ಚರ್ಚೆಯಲ್ಲಿ ಪ್ರತಿಯೊಬ್ಬರಿಗೂ ಒಟ್ಟಾರೆ ಸಮ ಸಮಯ. 2022ರಲ್ಲಿ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿನ ಮತದಾನಕ್ಕೆ ಮುನ್ನ ಅಭ್ಯರ್ಥಿಗಳಾದ ಮ್ಯಾಕ್ರನ್ ಮತ್ತು ಲೆ ಪೆನ್ ಎದುರುಬದುರು ಕುಳಿತಾಗ ಇಬ್ಬರ ಸಮಯವೂ ಪರದೆಯ ಮೇಲೆ ಕಾಣುತ್ತಿತ್ತು. ಇಲ್ಲಿ ನಡುವೆ ಬಾಯಿ ಹಾಕಿದರೆ ಕರಗುವುದು ಸ್ವಂತ ಸಮಯವೇ. ಹಿಂದೆ ಬಿದ್ದವರಿಗೆ ನಿರೂಪಕರು ಆಮೇಲೆ ಸಮಯ ತುಂಬಿಕೊಡಬಹುದು ನಿಜ, ಅಷ್ಟರಲ್ಲಿ ಬಿಸಿಬಿಸಿ ವಿಷಯ ದಾಟಿಹೋಗಿರುತ್ತದೆ.

ಇಬ್ಬರೇ ಇದ್ದರೆ ನನ್ನ ಮತ ಫ್ರಾನ್ಸ್ ಪದ್ಧತಿಗೆ. ಆರೇಳು ಮಂದಿಯಾದರೆ ಉತ್ತರಕ್ಕೆ ಮಿತಿ ಇರಲಿ, ಮೊದಲ ಪ್ರಶ್ನೆ ಯಾರಿಗೆ ಎಂಬುದನ್ನು ಮಾತ್ರ ಚೀಟಿ ಎತ್ತಿ ತೀರ್ಮಾನಿಸಿ.